ತೊಗರಿಯ ಜಾಗದಲ್ಲಿ ಕುಳಿತ ಕುಂಬಳಕಾಯಿಗೆ

ಸರೋಜಿನಿ ನಗರ, ಹೊಸದೆಹಲಿ
ಅಕ್ಟೋಬರ್ ೨೦೦೯

ಮಾನ್ಯ ಸಿಹಿಗುಂಬಳಕಾಯಿಯವರೇ,

ಈ ಊರಿನ ಮಂಡಿಯಲ್ಲಿ ಸೀತಾಫಲ್ ಎಂಬ ಬೇರೊಂದು ಹಣ್ಣಿನ ಹೆಸರಿಟ್ಟುಕೊಂಡು ಓಡಾಡುತ್ತಿದ್ದರೂ ಗಾಂಭೀರ್ಯಕ್ಕೆ ಕುಂದು ತಂದುಕೊಳ್ಳದ ತಮಗೆ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಹೋಟೆಲಿನ ಪರವಾಗಿ ಸವಿನಯ ನಮಸ್ಕಾರಗಳು. ನಾನು ಮಾಲೀಕರಾದ ಜಯಾನಂದರ ಮಗಳು. ಸಾಹಿತ್ಯದಲ್ಲಿ ಎಂ.ಎ. ಮುಗಿಸಿ ಸದ್ಯಕ್ಕೆ ಗಲ್ಲಾದಲ್ಲಿ ಕೂರುತ್ತೇನೆ. ಎದುರು ನಿಂತು ಮಾತಾಡಲು ಸಂಕೋಚವಾಗುವುದರಿಂದ ಬರೆಯುತ್ತಿದ್ದೇನೆ.

ನಮ್ಮ ಸಾಂಬಾರಿನಲ್ಲಿ ಹೋಳಾಗಿ ತಾವು ಮೊದಲೂ ಇದ್ದಿರಿ. ಆ ಬಗ್ಗೆ ಯಾರ ತಕರಾರೂ ಇರಲಿಲ್ಲ. ಆದರೆ ಈ ವರ್ಷ ಮುಂಗಾರು ಇಡೀ ಜೂನ್ ತಿಂಗಳನ್ನೇ ಮರೆತುಬಿಟ್ಟಿತು. ಗುಲ್ಬರ್ಗದ ಹೊಲದಲ್ಲಿ ತೊಗರಿ ಬಿತ್ತುವ ಮೊದಲೇ ದೆಹಲಿಯ ಗೋದಾಮಿನಲ್ಲಿ ಬೇಳೆಗೆ ಸುದ್ದಿ ಮುಟ್ಟಿ, ಅದು ನಮ್ಮಂಥವರ ಕೈಗೆ ಸಿಗದಷ್ಟು ದುಬಾರಿಯಾಯಿತು. ಹವಾಮಾನವೇ ಬದಲಾಗುತ್ತಿದೆ, ಇನ್ನು ಹೀಗೇ ಎಂದು ಪತ್ರಿಕೆಗಳು ಬರೆದವು. ಆಗ ಅಣ್ಣ ಸುಮಿತ್, ತಮ್ಮನ್ನು ಬೇಯಿಸಿ ಅರೆದು ಬೇಳೆಯ ಜಾಗಕ್ಕೆ ಹಾಕುವ ಉಪಾಯ ತೆಗೆದ. “ಪಪ್ಪಾ, ದಿಲ್ಲಿಯವರಿಗೆ ಗೊತ್ತೇ ಆಗುದಿಲ್ಲ, ಟೆನ್ಷನ್ ಬೇಡ” ಎಂದ. ಮಳೆ ಸರಿಹೋಗುವ ತನಕ ಮಾತ್ರ ಎಂದು ಅಪ್ಪ ಒಪ್ಪಿದರು. ಅಂದರೆ ತಮ್ಮ ನೇಮಕ ಹಂಗಾಮಿ.

ಎರಡನೇ ಸಲದ ಸಾಂಬಾರಿಗೆ ದುಡ್ಡಿಲ್ಲ ಎಂಬುದು ನಮ್ಮ ಹೋಟೆಲಿನ ಪದ್ಧತಿ. ಅದನ್ನು ಸ್ವತಃ ಬಕೆಟ್ ಹಿಡಿದು ಮೇಜಿನಿಂದ ಮೇಜಿಗೆ ಬಡಿಸುವುದು ಅಪ್ಪನ ಪದ್ಧತಿ. ತಾವು ಬಂದ ಮೇಲೆ ಅವರು ಬಕೆಟ್ಟನ್ನು ಬೇರೆಯವರ ಕೈಗೆ ಕೊಟ್ಟು ಅಡುಗೆಮನೆ ಸೇರಿದರು. ಜನ ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಜನ ಹೊಗಳಿದರು. “ಭಯ್ಯಾ, ಸಾಂಬಾರ್ ಆಜ್ ಬಹುತ್ ಬಢಿಯಾ ಹೈ, ಥೋಡಾ ಔರ್ ದೇನಾ” ಎಂದು ಇನ್ನಷ್ಟು ಕೇಳಿ, ಹಿಂದೆ ಒಂದು ಬಟ್ಟಲಿಗೆ ತೃಪ್ತರಾಗುತ್ತಿದ್ದವರು ಮೂರು ಬಟ್ಟಲು ಕುಡಿಯತೊಡಗಿದರು. ಉಳಿತಾಯಕ್ಕೆಂದು ಕರೆತಂದ ತಾವು ಇಷ್ಟೊಂದು ಖರ್ಚಾದದ್ದು ತಮ್ಮ ಸಾಮರ್ಥ್ಯಕ್ಕೆ ಸಾಕ್ಷಿ.

ತಮ್ಮನ್ನು ಗುರುತಿಸಿದ್ದು ಒಬ್ಬರೇ. ಆರ್.ಕೆ.ಪುರಂ ಕ್ವಾರ್ಟರ್ಸಿನ ಗುಮಾಸ್ತ, ಗುಲ್ಬರ್ಗದ ಕಡೆಯ ಮಹಂತೇಶ್, ಒಂದು ಭಾನುವಾರ ಚಮಚ ಕೆಳಗಿಟ್ಟು, “ಕಾಕಾ, ಇದರಾಗ ಬ್ಯಾಳಿ ಎಲ್ಲಿ ಅದರೀ? ಬರೇ ಕುಂಬಳಕಾಯಿ ಅದ” ಎಂದು ಎಲ್ಲರಿಗೂ ಕೇಳುವಂತೆ ಅಂದರು. ಅಪ್ಪ ಅಡುಗೆಮನೆಯಿಂದ ಓಡಿ ಬಂದು, “ಅಂತೂ ಒಬ್ಬನಿಗೆ ಗೊತ್ತಾಯಿತಲ್ಲ ಮಾರಾಯ!” ಎಂದು ಅವರ ಬೆನ್ನು ತಟ್ಟಿದರು. ಬೈಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ಮುಂದಿನ ಭಾನುವಾರ ಅಪ್ಪ ಒಂದು ಚಿಕ್ಕ ಪಾತ್ರೆಯಲ್ಲಿ ಅಪ್ಪಟ ತೊಗರಿಬೇಳೆಯ ಸಾಂಬಾರು ಮಾಡಿ, ಎಷ್ಟೋ ವಾರಗಳ ನಂತರ ಸ್ವತಃ ಹೊರಗೆ ತಂದು ಮಹಂತೇಶರಿಗೆ ಬಡಿಸಿದರು. ಪಕ್ಕದ ಮೇಜಿನ ಆಂಟಿ, ನಮಗೇಕೆ ಇಲ್ಲ ಎಂದು ಕೇಳಿದರು. ಅಪ್ಪ ಬಹಳ ಆಸೆಯಿಂದ ಅವರಿಗೂ ಬಡಿಸಿ ಮುಖ ನೋಡುತ್ತಾ ನಿಂತರು. ಆಂಟಿ ಒಂದು ಚಮಚ ಕುಡಿದು ಬಟ್ಟಲನ್ನು ಪಕ್ಕಕ್ಕೆ ಸರಿಸಿ, “ಇಸ್ ಮೇ ವೋ ಬಾತ್ ನಹೀಂ, ವಹೀ ವಾಲಾ ದೋ” ಎಂದರು. ಅಂದರೆ, ಇದರಲ್ಲಿ ಆ ರುಚಿಯಿಲ್ಲ, ತಮ್ಮನ್ನೇ ಕೊಡಿ ಎಂದು. ಅಪ್ಪ ಪಾತ್ರೆ ಹಿಡಿದು ಒಳಗೆ ಹೋದರು. ಆಮೇಲೆ ಬಡಿಸಲು ಹೊರಗೆ ಬಂದಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ: ಬರುವ ವರ್ಷ ಮಳೆ ಬಂದು ಬೇಳೆ ಅಗ್ಗವಾದರೂ ಜನರ ನಾಲಿಗೆ ಹಿಂದಕ್ಕೆ ಬರುವಂತೆ ಕಾಣುವುದಿಲ್ಲ. ದಯವಿಟ್ಟು ಈಗಿನಿಂದಲೇ ಸ್ವಲ್ಪ ಸ್ವಲ್ಪವಾಗಿ ರುಚಿಗೆಡುತ್ತಾ ಬನ್ನಿ. ವಾರಕ್ಕೊಂದು ದಿನ ಕಹಿಯಾದರೂ ಸಾಕು. ಅಪ್ಪ ಮತ್ತೆ ಬಕೆಟ್ ಹಿಡಿಯಬೇಕು.

ತಮ್ಮಲ್ಲಿ ಇನ್ನೂ ಒಂದಿಷ್ಟು ವಿಶ್ವಾಸ ಉಳಿಸಿಕೊಂಡಿರುವ,
ನಿರೀಕ್ಷಾ

ಮರೆತ ಮಾತು: ಇವತ್ತು ಮಧ್ಯಾಹ್ನ ಊಟಕ್ಕೆ ಕುಳಿತ ಅಪ್ಪ, ಅಮ್ಮ ಕೇಳುವ ಮೊದಲೇ ತಟ್ಟೆ ಮುಂದೆ ಮಾಡಿ ಎರಡನೇ ಸಲವೂ ತಮ್ಮನ್ನೇ ಹಾಕಿಸಿಕೊಂಡರು. ನಾವ್ಯಾರೂ ಅದನ್ನು ನೋಡಲಿಲ್ಲ. ತಾವೂ ನೋಡಿಲ್ಲ.