ಎಂಟು ಮೈಲಿಯ ರೇಡಿಯೋ ಕಾನೂನು

ಎರಡೂ ಕಡೆಯವರ ಮಾತು ಕೇಳಬೇಕು ಎಂದು ಹೇಳುವುದು ನನಗೆ ಬಹಳ ಇಷ್ಟ. ಕೇಳುವುದು ಮಾತ್ರ ಆಗುವುದಿಲ್ಲ. ಈ ಗುಟ್ಟು ಬಯಲಾದದ್ದು ಪಾಟೀಲರ ಜೊತೆ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗತೊಡಗಿದ ಮೇಲೆ. ಗದಗಿನ ಕಡೆಯ ಪಾಟೀಲರು ಈ ಪರದೇಶದ ನಮ್ಮ ಊರಾದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ನಮ್ಮ ಹಿಂದಿನ ಬೀದಿಯವರು. ಇಬ್ಬರ ಆಫೀಸೂ ಎಂಟು ಮೈಲಿ ದೂರದ ಇಟಾಸ್ಕಾದ ಒಂದೇ ಕಟ್ಟಡದಲ್ಲಿ. ಅವರ ಪಕ್ಷ ಒಂದು, ನನ್ನ ಪಕ್ಷ ಇನ್ನೊಂದು. ಇಬ್ಬರಿಗೂ ಎಎಂ ರೇಡಿಯೋದಲ್ಲಿ ತಮ್ಮ ಪಕ್ಷದ ಪರವಾಗಿ ಗಂಟಲು ಹರಿದುಕೊಳ್ಳುವ ಒಬ್ಬೊಬ್ಬ ಮಾತುಗಾರನಿದ್ದ. ಕಾರು ನನ್ನದು, ಆದ್ದರಿಂದ ರೇಡಿಯೋದ ಗುಂಡಿಯೂ ನನ್ನದೇ ಎಂಬುದು ನನ್ನ ವಾದ. ಪಾಟೀಲರು ಒಪ್ಪಲಿಲ್ಲ.

ಜಗಳ ಬಿಡಿಸಿದವಳು ನನ್ನ ಹೆಂಡತಿ ಸುಧಾ. ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಅವಳಿಗೆ ಗೊತ್ತಿಲ್ಲದ್ದೇ ಇಲ್ಲ. "ಈ ದೇಶದಲ್ಲಿ ಹಿಂದೆ ರೇಡಿಯೋಗೇ ಒಂದು ರೂಲ್ ಇತ್ತು ಕಣ್ರೀ. ಜಗಳದ ವಿಷಯ ಬಂದ್ರೆ ಬೇರೆ ಕಡೆಯವರ ಮಾತನ್ನೂ ಕೇಳಿಸಬೇಕು ಅಂತ. ಆಮೇಲೆ ಅದನ್ನ ಕೈಬಿಟ್ರು. ನಿಮ್ಮ ಕಾರಲ್ಲಿ ನಾನು ವಾಪಸ್ ತರ್ತೀನಿ. ಬೆಳಿಗ್ಗೆ ಅವರ ಮನುಷ್ಯ, ಸಾಯಂಕಾಲ ನಿಮ್ಮ ಮನುಷ್ಯ. ಮುಗೀತು."

ಆ ಕಾನೂನು ಮತ್ತೆ ಬರಲಿ ಎಂದು ಈಗಲೂ ಕೆಲವರು ಕೇಳುತ್ತಾರೆ, ಸರ್ಕಾರಕ್ಕೇಕೆ ಈ ಉಸಾಬರಿ ಎಂದು ಇನ್ನು ಕೆಲವರು. ಅದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳಬೇಕು. ಪಾಟೀಲರು ಬೆಳಿಗ್ಗೆ ಕಾಫಿಗೆಂದು ದಾರಿಯಲ್ಲಿ ಕಾರು ನಿಲ್ಲಿಸಲು ಹೇಳಿ, ರೇಡಿಯೋ ಆರಿಸಬೇಡಿ ಎಂದು ತಾಕೀತು ಮಾಡಿ, ಒಳಗೆ ಹೋಗುತ್ತಿದ್ದರು. ನಾನು ಸಂಜೆ ಸುತ್ತುದಾರಿ ಹಿಡಿಯುತ್ತಿದ್ದೆ. ಒಂದು ದಿನ ಅವರು ಮೀಟರಿನ ಕಡೆ ಬಗ್ಗಿ ನೋಡಿ, "ರಾಯರ, ಹೋಗೋ ಮುಂದ ಎಂಟು ಮೈಲಿ, ಬರೋ ಮುಂದ ಹನ್ನೆರಡು ಹೆಂಗ ಆಗ್ತಾವ್ರೀ?" ಎಂದರು. ರಸ್ತೆ ರಿಪೇರಿ ಎಂದೆ. ಇಬ್ಬರೂ ನಕ್ಕೆವು. ಆ ವರ್ಷಗಳಲ್ಲಿ ಆಡಿದಷ್ಟು ಸುಖವಾದ ಜಗಳ ನಾನು ಯಾರೊಂದಿಗೂ ಆಡಿಲ್ಲ.

ಆಮೇಲೆ ಒಂದು ಚುನಾವಣೆ ಬಂತು. ನನ್ನ ಪಕ್ಷ ಸೋತ ಮರುದಿನ ಬೆಳಿಗ್ಗೆ ಅವರ ಮಾತುಗಾರ ಕುಣಿಯುತ್ತಿದ್ದ. ನಾನು ಅವನ ಮಾತಿನ ಮಧ್ಯೆಯೇ ರೇಡಿಯೋ ಆರಿಸಿದೆ. ಪಾಟೀಲರು ಕಿಟಕಿಯ ಆಚೆ ನೋಡುತ್ತ ಕುಳಿತರು. ಸಂಜೆ "ನಾನು ಬ್ಯಾರೆ ಬರ್ತೀನ್ರಿ" ಎಂದರು. ಮುಂದಿನ ತಿಂಗಳು ನಿವೃತ್ತರಾಗಿ, ಮಿಷಿಗನ್ನಿನ ಕ್ಯಾಂಟನ್‌ನಲ್ಲಿರುವ ಮಗಳ ಮನೆಯ ಹತ್ತಿರಕ್ಕೆ ಹೋಗಿಬಿಟ್ಟರು. ನಾನು ಕ್ಷಮೆ ಕೇಳಲಿಲ್ಲ. ನಾಚಿಕೆಯಾಗುತ್ತಿತ್ತು, ಅಷ್ಟೇ.

ಈಗ ಹೋಗುವಾಗಲೂ ನನ್ನವನೇ, ಬರುವಾಗಲೂ ನನ್ನವನೇ. ಹೊಸ ಕಾರಿನಲ್ಲಿ ಎಎಂ ರೇಡಿಯೋವೇ ಇಲ್ಲ. ಫೋನು ನನ್ನ ರುಚಿ ತಿಳಿದು ನಾನು ಒಪ್ಪುವವರನ್ನೇ ಹುಡುಕಿ ಬಡಿಸುತ್ತದೆ. ಸ್ವರ್ಗ ಎಂದುಕೊಂಡಿದ್ದೆ. ಎರಡೇ ವಾರಕ್ಕೆ ಆಕಳಿಕೆ ಬಂತು. ಮೊನ್ನೆ ಮಗಳು ಅನಘಾ ಪಕ್ಕದಲ್ಲಿ ಕುಳಿತಿದ್ದಾಗ ನಾನು ಫೋನಿನ ಮಾತುಗಾರನಿಗೆ, "ಸುಳ್ಳು! ಲೆಕ್ಕ ತಪ್ಪು!" ಎಂದು ಕೂಗಿದೆನಂತೆ. "ಡ್ಯಾಡ್, ಹೀ ಈಸ್ ಆನ್ ಯುವರ್ ಸೈಡ್," ಎಂದಳು. ಪಾಟೀಲರು ಹೇಳಬೇಕಾದ್ದನ್ನು ನಾನೇ ಹೇಳುತ್ತಿದ್ದೆ.

ಮರುದಿನ ಬೆಳಿಗ್ಗೆ ಕಾರಿನಿಂದಲೇ ಫೋನು ಮಾಡಿದೆ. "ಪಾಟೀಲ್ರೇ, ಅವತ್ತು ನಿಮ್ಮ ಸರದಿಯಲ್ಲಿ ರೇಡಿಯೋ ಆರಿಸಿದ್ದು ತಪ್ಪಾಯ್ತು. ನಿಮ್ಮವನು ಏನಂದ, ಹೇಳಿ. ಇಟಾಸ್ಕಾ ಬರೋ ತನಕ ನಾನು ಬಾಯಿ ಬಿಡಲ್ಲ."

ಆ ಕಡೆಯಿಂದ ಗಂಟಲು ಸರಿಮಾಡಿಕೊಂಡ ಶಬ್ದ. "ಭಾಳ ದಿನಾ ತಗೊಂಡ್ರಿ ರಾಯರ," ಎಂದರು. "ಇರ್ಲಿ, ಕೇಳ್ರಿ. ತೆರಿಗಿ ವಿಷಯ ಏನಂದ್ರ..."

ನಾನು ಕೇಳಿದೆ. ನಿಜವಾಗಿ, ಮನಸ್ಸಿಟ್ಟು ಕೇಳಿದೆ. ಮೊದಲ ಸಿಗ್ನಲ್ ಬರುವಷ್ಟರಲ್ಲಿ, "ರೀ ಪಾಟೀಲ್ರೇ, ತಲೆ ಇದೆಯೇನ್ರೀ ನಿಮ್ಮವನಿಗೆ?" ಎಂದು ನಡುವೆ ಬಾಯಿ ಹಾಕಿಯಾಗಿತ್ತು.