ಪಂಚನಾಮೆಗೆ ಸೇರದ ದಿಂಬು

ತನ್ನ ದೋಣಿಯನ್ನು ಜಪ್ತಿ ಮಾಡಲು ಬಂದ ಅಧಿಕಾರಿಗೆ ಕುಡಿಯಲು ಮಜ್ಜಿಗೆ ಕೊಟ್ಟು, ಕಾಯ್ದೆ ಪುಸ್ತಕ ಬಿಡಿಸಿ, "ನಿಮಗೆ ಇನ್ನೊಂದು ಅಧಿಕಾರವೂ ಉಂಟು, ನೋಡಿ" ಎಂದು ತೋರಿಸಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನು ನನ್ನ ಸೋದರಮಾವ!

ಮಾವ ಸಿದ್ದಾಪುರದ ವಕೀಲರೊಬ್ಬರ ಬಳಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಇಸಳೂರಿನಲ್ಲಿ ನನ್ನ ಮನೆಯ ಗೇಟಿಗೆ ಅಡ್ಡ ನನ್ನದೇ ಬೈಕು ನಿಲ್ಲಿಸಿದ್ದಕ್ಕೆ ನನಗೇ ನೋಟಿಸು ಬರೆದವನು. ಉತ್ತರಿಸಲು ಏಳು ದಿನ ಗಡುವು ಬೇರೆ!

ಅಂಥವನು ಮುಚ್ಚಿಹೋದ ರೆಸಾರ್ಟೊಂದರಿಂದ ಪೆಡಲ್ ದೋಣಿ ತಂದು, ಯಲ್ಲಾಪುರದ ಕಡೆಯ ತನ್ನ ಮನೆಯ ಕೆಳಗಿನ ಹಿನ್ನೀರಿಗೆ ಇಳಿಸಿದ. ಕಾರಣ ಅತ್ತೆ. ಹಾಸಿಗೆ ಹಿಡಿದ ಅವಳ ಅಕ್ಕ ಇರುವುದು ಆಚೆ ದಡದಲ್ಲಿ. ಇಲ್ಲಿಂದ ಆ ಮನೆಯ ಹೆಂಚು ಕಾಣುತ್ತದೆ. ರಸ್ತೆಯಲ್ಲಿ ಹೋದರೆ ಎರಡು ಬಸ್ಸು. ಅತ್ತೆಯ ಮೊಣಕಾಲು ಬಸ್ಸಿನ ಮೊದಲ ಮೆಟ್ಟಿಲಿಗೇ ಸೋಲುತ್ತದೆ. ಕಾರು ಹತ್ತಿದರೆ ಮೂರನೇ ತಿರುವಿಗೆ ವಾಂತಿ.

ದೋಣಿ ಬಂತು. ಹತ್ತಿದಳೇ? ಎಲ್ಲಿ!

"ಅಕ್ಕನ ನೋಡದೇ ಸಾಯ್ತೆ ಕಾಣ್ತು ಆನು" ಎಂದಳು ಅತ್ತೆ.

"ಪರವಾನಗಿಗೆ ಅರ್ಜಿ ಬರದ್ದೆ. ಪರವಾನಗಿ ಬರ್ಲಿ. ಅಲ್ಲೀವರೆಗೆ ಹತ್ತಲಾಗ" ಎಂದ ಮಾವ.

ಮೂರು ತಿಂಗಳು ಅತ್ತೆ ದಡದಲ್ಲಿ ಕೂತು ದೋಣಿ ನೋಡಿದಳು. ಹಳದಿ ದೋಣಿ. ಅತ್ತೆ ಕೆಂಪು ಎನ್ನುತ್ತಾಳೆ. ಹೆಚ್ಚು ನೋಡಿದವಳು ಅವಳೇ, ಕೆಂಪೇ ಇರಲಿ.

ಪರವಾನಗಿ ಬರಲಿಲ್ಲ, ಅಧಿಕಾರಿ ಬಂದರು.

"ಹಿರ್ಯಾರ, ಲೈಸನ್ಸ್ ಇಲ್ದ ದೋಣಿ ನೀರಾಗ ಇಡಂಗಿಲ್ರಿ. ಜಪ್ತಿ."

"ಧಾರಾಳ ಮಾಡಿ. ಎಲ್ಲಿಗೆ ಸಾಗಿಸ್ತೀರಿ?"

"ಆಕಡೆ ದಂಡ್ಯಾಗ ನಮ್ಮ ಶೆಡ್ ಐತ್ರಿ. ಲಾರಿನೇ ಸಿಗವಲ್ದು."

ಮಾವನ ಕಣ್ಣು ಹೊಳೆಯಿತು. ಪುಸ್ತಕ ಬಂತು. ಜಪ್ತಿಯಾದ ದೋಣಿಯನ್ನು ಸಾಗಿಸಲು ಅಧಿಕಾರಿ ಯಾರಿಗೆ ಬೇಕಾದರೂ ಲಿಖಿತ ಅಪ್ಪಣೆ ಕೊಡಬಹುದು! ಅಪ್ಪಣೆಯನ್ನೂ ಮಾವನೇ ಬರೆದ. ತುಳಿಯಲು ತಾನು ಮತ್ತು ಊರಿಂದ ಬಂದಿದ್ದ ನಾನು, ಮೇಲ್ವಿಚಾರಣೆಗೆ ಅತ್ತೆ.

ಎಲ್ಲ ಮುಗಿಯಿತು ಎನ್ನುವಾಗ ಅಧಿಕಾರಿ ಜಪ್ತಿಯಾದ ವಸ್ತುಗಳ ಪಂಚನಾಮೆಯಲ್ಲಿ ಹಿಂದಿನ ಸೀಟಿನ ದಿಂಬನ್ನೂ ಬರೆದುಬಿಟ್ಟರು.

"ಅದು ದೋಣಿದಲ್ಲ!" ಮಾವ ಕೆರಳಿದ.

"ದೋಣ್ಯಾಗ ಐತಲ್ರಿ?"

"ನೀವೂ ದೋಣಿಯೊಳಗೇ ನಿಂತಿದ್ದೀರಿ. ನಿಮ್ಮನ್ನೂ ಬರೀಲಾ?"

ಅರ್ಧ ಗಂಟೆ! ದೋಣಿಯನ್ನೇ ಮಾತಿಲ್ಲದೆ ಬಿಟ್ಟುಕೊಟ್ಟವನು ಒಂದು ಹಳೇ ದಿಂಬಿಗೆ! ಅಧಿಕಾರಿ ಕೈಮುಗಿದು ಆ ಸಾಲನ್ನು ಹೊಡೆದುಹಾಕಿ, ರಸ್ತೆ ಹಿಡಿದು ಶೆಡ್ಡಿನ ಕಡೆ ಜೀಪು ಓಡಿಸಿದರು.

ನಾವು ತುಳಿದೆವು. "ನಿಧಾನ ತುಳಿಯೋ, ಸರ್ಕಾರದ ದೋಣಿ ಇದು!" ಎಂದು ಮಾವ ದಾರಿಯುದ್ದಕ್ಕೂ ಬೈದ. ಇಲ್ಲಿ ತಂಗಾಳಿ ಬೀಸಿತೆಂದು ಬರೆದರೆ ಚೆನ್ನಾಗಿರುತ್ತದೆ. ಬೀಸಿತೋ ಇಲ್ಲವೋ! ನನಗೆ ನೆನಪಿರುವುದು ತೊಡೆನೋವು.

ದಡಕ್ಕೆ ತಾಗಿದಂತೆಯೇ ಅಕ್ಕನ ಮನೆ. ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋದಳು. "ಬಂದ್ಯನೇ ಕೂಸೇ?" ಎಂಬ ಸಣ್ಣ ದನಿ.

ದೋಣಿಯನ್ನು ಶೆಡ್ಡಿಗೆ ಒಪ್ಪಿಸಿ ಬಂದು ಅಂಗಳದಲ್ಲಿ ನಿಂತೆವು. ಆಗ ಹೊಳೆಯಿತು ನನಗೆ.

"ಮಾವ, ಅತ್ತೆ ವಾಪಸ್ ಹ್ಯಾಂಗೆ ಬತ್ತು?"

ಮಾವ ಪುಸ್ತಕ ಬಿಡಿಸಲಿಲ್ಲ.

"ಅದ್ರ ಬಗ್ಗೆ ಕಾಯ್ದೇಲಿ ಎಂತದೂ ಇಲ್ಲೆ."

ಕಂಕುಳಲ್ಲಿದ್ದ ದಿಂಬನ್ನು ತೆಗೆದು ನನ್ನ ಕೈಗಿಟ್ಟ.

"ಒಳಗೆ ಕೊಡು. ನಿನ್ನತ್ತೆ ಅಕ್ಕನ ಹತ್ರ ನೆಲದ ಮೇಲೆ ಕೂತಿರ್ತು. ಮೊಣಕಾಲಡಿಗೆ ಬೇಕಾಗ್ತು."