ಕಾಕಾನ ಜೀಪಿನ ಒಳಪೆಟ್ಟು

ನಮ್ಮ ಕಾಕಾನಿಗೆ ಕಿವಿ ಕೇಳುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿ ಕೇಳುತ್ತದೆ. ಮನುಷ್ಯರು ಮಾತಾಡಿದ್ದು ಮಾತ್ರ ಕೇಳುವುದಿಲ್ಲ, ಅಷ್ಟೇ. ಕಾಕಿ ಅಡುಗೆಮನೆಯಿಂದ ಎಷ್ಟು ಕೂಗಿದರೂ ಪೇಪರಿನಿಂದ ತಲೆ ಎತ್ತದ ಈ ಮಹಾನುಭಾವರು, ಓಣಿಯ ಆ ತುದಿಯಲ್ಲಿ ಯಾರದೋ ಮಿಕ್ಸರ್ ಸ್ವಲ್ಪ ಸ್ವರ ಬದಲಿಸಿದರೆ ಸಾಕು, "ಒಳಗಿನ ಬುಷ್ ಸವದು ಹೋಗ್ಯಾದ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾರೆ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ ನಡೆದದ್ದನ್ನೇ ಕೇಳಿ. ಹುಡುಗನ ತಂದೆ ಬಹಳ ಗೌರವದಿಂದ, "ಹುಡುಗಿ ಸ್ವಭಾವ ಹ್ಯಾಂಗ್ರಿ?" ಎಂದು ಕಾಕಾನನ್ನು ವಿಚಾರಿಸಿದರು. ಕಾಕಾ ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ದಿಟ್ಟಿಸುತ್ತ, "ಒಂದೊಂದ ಸಲ ಕಟಕಟ ಅಂತದ. ಎಣ್ಣಿ ಬಿಟ್ರ ಸುಮ್ಮನಾಗತದ" ಎಂದರು. ಆ ಸಂಬಂಧ ಕೂಡಲಿಲ್ಲ. ಫ್ಯಾನು ಮಾತ್ರ ಅಂದೇ ರಿಪೇರಿಯಾಯಿತು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಬಸವಕಲ್ಯಾಣದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತರಾದವರು. ಅವರ ಬಳಿ ನನಗಿಂತ ವಯಸ್ಸಾದ ಒಂದು ಜೀಪಿದೆ. ಎಂಜಿನ್ನಿನ ಜೋರು ನಾಲ್ಕೂ ಚಕ್ರಕ್ಕೆ ಹೋಗುವಂಥದ್ದು. ಕೆಸರು, ಕಲ್ಲು, ಹಳ್ಳ, ಎಲ್ಲಿ ಬೇಕಾದರೂ ನುಗ್ಗುವ ಗಾಡಿ. ಕಾಕಾ ಅದನ್ನು ಎಲ್ಲಿಗೆ ನುಗ್ಗಿಸುತ್ತಿದ್ದರು ಎನ್ನುತ್ತೀರಾ? ಹಿಟ್ಟಿನ ಗಿರಣಿಗೆ. ಅಪರೂಪಕ್ಕೊಮ್ಮೆ ತರಕಾರಿ ಸಂತೆಗೆ.

ಇಂಥ ಜೀಪಿಗೆ ಕಬ್ಬು ಕಡಿಯುವ ದಿನಗಳಲ್ಲಿ ಮೋರಖಂಡಿ ಹತ್ತಿರ ಅಪಘಾತವಾಯಿತು. ಕಾಕಾ, ಕಾಕಿ ಇಬ್ಬರೂ ಬೀಗರ ಮನೆಯಿಂದ ವಾಪಸು ಬರುತ್ತಿದ್ದರು. ಮುಂದೆ ಕಬ್ಬು ಹೊತ್ತು ಹೋಗುತ್ತಿದ್ದ ಟ್ರ್ಯಾಕ್ಟರ್ ಏಕಾಏಕಿ ನಿಂತಿತು. ಕಾಕಾ ಸ್ಟೇರಿಂಗ್ ಎಳೆದರು. ಬಂಪರಿನ ಮೂಲೆ ಟ್ರಾಲಿಗೆ ಬಡಿಯಿತು, ಜೀಪು ರಸ್ತೆ ಇಳಿದು, ಹೊಲದ ಬದುವಿನ ಕಲ್ಲಿನ ಮೇಲೆ ಹೊಟ್ಟೆ ಉಜ್ಜಿಕೊಂಡು ಹಾರಿ, ತೊಗರಿ ಹೊಲದ ನಡುವೆ ನಿಂತಿತು. ಸುದ್ದಿ ತಿಳಿದು ನಾವು ಓಡಿ ಹೋದಾಗ ಕಾಕಿ, ಹಣೆಯ ಮೇಲೊಂದು ಬುಗುಟು ಇಟ್ಟುಕೊಂಡು, ಟ್ರ್ಯಾಕ್ಟರಿನವನ ಇಡೀ ವಂಶಾವಳಿಯನ್ನು ಅವನಿಗೇ ಪರಿಚಯ ಮಾಡಿಕೊಡುತ್ತಿದ್ದರು. ಕಾಕಾ ಇನ್ನೂ ಸ್ಟೇರಿಂಗ್ ಹಿಡಿದೇ ಕುಳಿತಿದ್ದರು.

ಜೀಪಿಗೆ ಹೊರಗಿನಿಂದ ಹೆಚ್ಚೇನೂ ಆಗಿರಲಿಲ್ಲ. ಬಂಪರ್ ಸೊಟ್ಟಗಾಗಿತ್ತು, ಒಂದು ದೀಪ ಒಡೆದಿತ್ತು. ಊರಿನ ಇಬ್ಬರು ಮೆಕ್ಯಾನಿಕ್‌ಗಳು ಬಗ್ಗಿ ನೋಡಿ, ಒದ್ದು ನೋಡಿ, ಓಡಿಸಿ ನೋಡಿ, "ಆರಾಮ ಅದರಿ" ಎಂದು ಸರ್ಟಿಫಿಕೇಟು ಕೊಟ್ಟರು. ಕಾಕಾ ಒಪ್ಪಬೇಕಲ್ಲ?

"ಬಿದ್ದ ಎಮ್ಮಿ ಎದ್ದು ನಡದ್ರ ಎಲ್ಲಾ ಬರಾಬರ್ ಅದ ಅಂತೇನು? ಕಲ್ಲು ಬಡದದ್ದು ಹೊಟ್ಟಿಗೆ. ಒಳಗ ಏನಾಗ್ಯಾದ ನೋಡಬೇಕು" ಎಂದರು.

ಮರುದಿನದಿಂದ ಅಂಗಳ ದವಾಖಾನೆಯಾಯಿತು. ಕಾಕಾ ಹಳೆಯ ಗೋಣಿತಟ್ಟು ಹಾಸಿ, ದನಗಳ ಎದೆಬಡಿತ ಕೇಳುತ್ತಿದ್ದ ತಮ್ಮ ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿ, ಜೀಪಿನ ಕೆಳಗೆ ಸೇರಿಕೊಂಡರು. ಗೇರ್‌ಬಾಕ್ಸ್, ಅಲ್ಲಿಂದ ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ಹೋಗುವ ಉದ್ದನೆಯ ಕಬ್ಬಿಣದ ಶಾಫ್ಟುಗಳು, ಅವುಗಳ ಗೆಣ್ಣುಗಳಂಥ ಜಾಯಿಂಟುಗಳು, ಒಂದೊಂದನ್ನೂ ತಟ್ಟಿ ತಟ್ಟಿ ಕೇಳುತ್ತಿದ್ದರು. ನನ್ನ ಕೆಲಸ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸುವುದು.

"ಇನ್ನೊಮ್ಮಿ ತಿರುಗಸವಾ. ಮೆತ್ತಗ. ಅಷ್ಟ ಜೋರ ಬ್ಯಾಡ, ನೋವಾಗತದ."

"ಯಾರಿಗಿ ಕಾಕಾ?"

ಕೆಳಗೆ ತಟ್ಟುವ ಸಪ್ಪಳ ಮುಂದುವರಿಯಿತು. ಹೇಳಿದೆನಲ್ಲ, ಮನುಷ್ಯರ ಮಾತು.

ಅಪಘಾತದ ಸುದ್ದಿ ಕೇಳಿ ನೆಂಟರು ಬಾಳೆಹಣ್ಣು ಹಿಡಿದು ಮಾತಾಡಿಸಲು ಬರುತ್ತಿದ್ದರು. ಬಂದವರನ್ನು ಕಾಕಾ ಚಹಾಕ್ಕೂ ಮುಂಚೆ ಜೀಪಿನ ಕೆಳಗೆ ಕರೆದೊಯ್ಯುತ್ತಿದ್ದರು. ಕಾಕಿಯ ತಮ್ಮ ಮಡಿ ಮಾಡಿದ ಬಿಳಿ ಧೋತರದಲ್ಲಿ ಬಂದವರು, ಅರ್ಧ ಗಂಟೆಯ ನಂತರ ಹೊರಬಂದಾಗ ಆ ಧೋತರಕ್ಕೆ ಯಾವ ಬಣ್ಣವೆಂದು ಹೇಳುವುದು ಕಷ್ಟವಾಗಿತ್ತು. "ಭಾವಗ ತಲಿಗಿ ಪೆಟ್ಟಾಗ್ಯಾದೇನ ನೋಡಸ್ರಿ" ಎಂದು ನನ್ನ ಅಪ್ಪನ ಕಿವಿಯಲ್ಲಿ ಹೇಳಿ, ಬಾಳೆಹಣ್ಣನ್ನು ಅಲ್ಲೇ ಇಟ್ಟು ಹೋದರು.

ಎಣ್ಣೆ ಸೋರುತ್ತಿದೆಯೇ ಎಂದು ನೋಡಲು ಕಾಕಾ ಒಂದು ದಿನ ಜೀಪಿನ ಕೆಳಗೆ ಪೇಪರು ಹಾಸಿದರು. ಮರುದಿನ ಮುಂಜಾನೆ ಪೇಪರಿನ ಮೇಲೆ ಅಂಗೈಯಗಲ ಕಲೆ. ಕಾಕಾನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವರ ಮಗಳ ಮದುವೆಯಲ್ಲೂ ಕಂಡಿರಲಿಲ್ಲ. ಬೆರಳಿನಿಂದ ತಿಕ್ಕಿದರು, ಮೂಸಿದರು, ಕಬ್ಬಿಣದ ಪುಡಿ ಮಿನುಗುತ್ತದೆಯೇ ಎಂದು ಬಿಸಿಲಿಗೆ ಹಿಡಿದರು. ಆಮೇಲೆ ಅನುಮಾನದಿಂದ ನಾಲಿಗೆಯ ತುದಿಗೆ ತಾಗಿಸಿ ಚಪ್ಪರಿಸಿದರು.

"ಉಪ್ಪದ" ಎಂದರು.

ಕಾಕಿ ಬಾಗಿಲಲ್ಲಿ ನಿಂತಿದ್ದರು. "ಉಪ್ಪಿರಲಾರದ ಏನು ಮಾಡ್ತದ? ಮೊನ್ನಿ ಭಜಿ ಕರದು ಅದರ ಮ್ಯಾಲ ಹಾಕಿದ್ದೆ. ಅಡಗಿಮನ್ಯಾಗಿನ ಪೇಪರ ಯಾಕ ಒಯ್ದ್ರಿ?"

ಇಷ್ಟೆಲ್ಲ ಆದರೂ ಕಾಕಾನ ಹಟ ಕರಗಲಿಲ್ಲ. ಜೀಪು ನಲವತ್ತರ ವೇಗ ಮುಟ್ಟಿದರೆ 'ಗುಂಯ್' ಎಂಬ ಒಂದು ಸಪ್ಪಳ ಬರುತ್ತದೆ ಎಂದು ಅವರ ವಾದ. ಓಣಿಯವರೆಲ್ಲ ಸರದಿಯಂತೆ ಕುಳಿತು ಕೇಳಿದರು. ಯಾರಿಗೂ ಕೇಳಿಸಲಿಲ್ಲ. ಒಬ್ಬರಿಗೆ ಕೇಳಿಸಿತು, ಆದರೆ ಅವರಿಗೆ ಜೀಪು ನಿಂತ ಮೇಲೂ ಕೇಳಿಸುತ್ತಿತ್ತು.

ಅಷ್ಟರಲ್ಲಿ ಮನ್ನಾಏಖೇಳ್ಳಿಯಲ್ಲಿ ಕಾಕಿಯ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಹೇಗೂ ಹುಮನಾಬಾದ್ ದಾಟಿ ಹೋಗಬೇಕು. ಅಲ್ಲಿಯ ಗ್ಯಾರೇಜಿನಲ್ಲಿ ಒಬ್ಬ ಹಳೆಯ ಉಸ್ತಾದ್ ಇದ್ದಾರೆ, ಅವರಿಗೆ ಜೀಪು ತೋರಿಸಿಯೇ ಮುಂದೆ ಹೋಗುವುದೆಂದು ಕಾಕಾ ತೀರ್ಮಾನಿಸಿದರು. ಕಾಕಿ ರೇಷ್ಮೆ ಸೀರೆ ಉಟ್ಟು, ಶೇಂಗಾ ಉಂಡೆಯ ಸ್ಟೀಲ್ ಡಬ್ಬಿ ಹಿಡಿದು ಜೀಪು ಹತ್ತಲು ಹೋದರೆ, ಕಾಕಾ ಅಡ್ಡ ನಿಂತರು.

"ನೀ ಬಸ್ಸಿಗೆ ಬಾ."

"ಯಾಕ?"

"ಭಾರ ಆಗತದ."

ಕಾಕಿ ಡಬ್ಬಿಯನ್ನು, ಆಗಲೇ ಜೀಪಿನಲ್ಲಿ ಕುಳಿತಿದ್ದ ನನ್ನ ಮಡಿಲಿಗೆ ತುರುಕಿ, "ಆತು. ಹೆಂಡ್ತಿ ಭಾರ, ಉಂಡಿ ಹಗರ. ನನಗ ಬಸ್ಸಿನ್ಯಾಗ ಟಿಕೇಟೂ ಇಲ್ಲ, ನಿಮ್ಮ ಜೀಪ ಯಾರಿಗಿ ಬೇಕು" ಎಂದು ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ನಿಜ ಹೇಳುತ್ತೇನೆ, ಅವರ ಕಣ್ಣಲ್ಲಿ ನೀರಿತ್ತು. ನನ್ನ ತೂಕ ಕಾಕಿಗಿಂತ ಐದು ಕಿಲೋ ಹೆಚ್ಚು. ಅದನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೆದ್ದಾರಿಯ ಅಂಚಿನಲ್ಲಿ ಜೀಪು ಇಪ್ಪತ್ತರ ವೇಗದಲ್ಲಿ ಸಾಗಿತು. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಮುದುಕರೊಬ್ಬರು ನಮ್ಮನ್ನು ಹಿಂದೆ ಹಾಕುವಾಗ "ಪಂಚರ್ ಆಗ್ಯಾದೇನ್ರಿ?" ಎಂದು ಕೇಳಿಹೋದರು. ಒಮ್ಮೆ ಕಾಕಾ ಧೈರ್ಯ ಮಾಡಿ ವೇಗ ಏರಿಸಿದರೆ, 'ಟಕ್ ಟಕ್ ಟಕ್' ಎಂಬ ಸಪ್ಪಳ. ಈ ಸಲ ನನಗೂ ಕೇಳಿಸಿತು. ಗಾಡಿ ನಿಲ್ಲಿಸಿದರು. ಸ್ಟೆತಾಸ್ಕೋಪು ಹಿಡಿದು ಕೆಳಗೆ ನುಗ್ಗಿದರು, ಮೇಲೆ ಬಂದರು, ಮತ್ತೆ ಓಡಿಸಿದರು, ಮತ್ತೆ ನಿಲ್ಲಿಸಿದರು. ಮೂರನೆಯ ಸಲಕ್ಕೆ ನಾನು ಕಾಲ ಬಳಿ ಇದ್ದ ಉಂಡೆಯ ಡಬ್ಬಿಯನ್ನು ಎತ್ತಿ ಹಿಡಿದುಕೊಂಡೆ. ಸಪ್ಪಳ ನಿಂತಿತು. ಕಾಕಾ ಕೈ ಚಾಚಿದರು. ಇಬ್ಬರೂ ಎರಡೆರಡು ಉಂಡೆ ತಿಂದು ಮುಂದೆ ಹೊರಟೆವು.

ಹುಮನಾಬಾದ್ ಮುಟ್ಟಿದಾಗ ಕಾಕಿ ಗ್ಯಾರೇಜಿನ ಎದುರಿನ ಬೆಂಚಿನ ಮೇಲೆ ಎರಡನೆಯ ಚಹಾ ಕುಡಿಯುತ್ತಿದ್ದರು. ಬಸ್ಸು ನಮಗಿಂತ ಎಷ್ಟು ಮೊದಲು ಬಂದಿತ್ತು ಎಂದು ಯಾರೂ ಕೇಳಲಿಲ್ಲ. ಅವರೂ ನಮ್ಮ ಕಡೆ ನೋಡಲಿಲ್ಲ.

ಉಸ್ತಾದ್ ಎಂದರೆ ಬಿಳಿ ಗಡ್ಡದ, ತೆಳ್ಳನೆಯ ಮನುಷ್ಯ. ಜೀವಮಾನವಿಡೀ ಎಂಜಿನ್ನುಗಳ ಪಕ್ಕ ಕಳೆದು ಕಿವಿ ಪೂರಾ ಮಂದವಾಗಿತ್ತು. ಇಂಥವರ ಮುಂದೆ ನಮ್ಮ ಕಾಕಾ ತಮ್ಮ ಸೂಕ್ಷ್ಮ ಸಪ್ಪಳದ ವರ್ಣನೆಗೆ ನಿಂತರು.

"ಗುಂಯ್ ಅಂತದರಿ."

"ಜರಾ ಜೋರಿಲೆ ಹೇಳ್ರಿ ಸಾಬ್."

"ಗುಂಯ್ಯ್ಯ್" ಎಂದು ಕಾಕಾ ಕೂಗಿದರು. ಪಕ್ಕದ ಅಂಗಡಿಯವರು ಹೊರಬಂದು ನೋಡಿದರು. ರಸ್ತೆ ದಾಟುತ್ತಿದ್ದ ಎತ್ತೊಂದು ನಿಂತಿತು.

ಉಸ್ತಾದ್ ನಕ್ಕರು. "ನನ್ನ ಕಿವಿ ಹೋಗ್ಯಾವರಿ. ಕೈ ಅವ" ಎಂದು ಜೀಪಿನ ಕೆಳಗೆ ಮಲಗಿ, ಒಂದೊಂದೇ ಭಾಗದ ಮೇಲೆ ಅಂಗೈ ಇಟ್ಟು ಚಕ್ರ ತಿರುಗಿಸಲು ಹೇಳಿದರು. ಮುಂದಿನ ಶಾಫ್ಟಿನ ಜಾಯಿಂಟಿನ ಬಳಿ ಕೈ ನಿಂತಿತು. ಆ ಜಾಗವನ್ನು ಒರೆಸಿ, ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿದರು. ಬಿಳಿ ಪುಡಿಯ ಮೇಲೆ ಕೂದಲಿನಷ್ಟು ಸಣ್ಣ ಒದ್ದೆ ಗೆರೆಯೊಂದು ನಿಧಾನವಾಗಿ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಹೊರಗೆ ಬಂದಿತ್ತು.

ಇನ್ನು ಕಾಕಾನನ್ನು ಹಿಡಿಯುವವರು ಯಾರು ಎಂದುಕೊಂಡೆ. ಊರಿನ ಇಬ್ಬರು ಮೆಕ್ಯಾನಿಕ್‌ಗಳಿಗೆ ಫೋನು, ಕಾಕಿಯ ತಮ್ಮನಿಗೆ ಫೋನು, ಇಡೀ ಓಣಿಗೆ ಭಾಷಣ. ಆದರೆ ಕಾಕಾ ಉಸ್ತಾದರನ್ನು ಒಂದೇ ಮಾತು ಕೇಳಿದರು.

"ಜೋರ್ ಹೋಗುವಾಗ ಇದು ಮುರದ್ರ?"

"ತುಂಡು ನೆಲಕ್ಕ ನೆಟ್ಟು ಗಾಡಿ ಪಲ್ಟಿ ಹೊಡೀತದ್ರಿ. ಬರಾಬರ್ ತಂದೀರಿ ನೀವು."

ಕಾಕಾ ಸ್ಟೆತಾಸ್ಕೋಪನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದು, ಬೆಂಚಿನ ಮೇಲೆ ಕಾಕಿಯ ಪಕ್ಕ ಕುಳಿತರು.

"ಏನಾಗ್ಯಾದಂತ?" ಕಾಕಿ ರಸ್ತೆ ನೋಡುತ್ತಲೇ ಕೇಳಿದರು.

"ಬಿರುಕು ಬಿಟ್ಟದ."

"ನಾ ಕುಂತಿದ್ರ ಪೂರಾ ಮುರೀತಿತ್ತು ಬಿಡ್ರಿ. ಭಾರ."

"ಭಾರದ ಮಾತಲ್ಲ ಅದು." ಕಾಕಾ ತಮ್ಮ ಅಂಗೈಯ ಎಣ್ಣೆ ತಿಕ್ಕಿಕೊಂಡರು. "ಆವತ್ತ ಹೊಲದಾಗ ಜೀಪ ನಿಂತ ಮ್ಯಾಲ ನಾ ನಿನಗ ಕರದೆ. ನೀ ಓ ಅನ್ನಲಿಲ್ಲ. ಮತ್ತ ಕರದೆ. ಇಂಜಿನ್ ಚಾಲೂ ಇತ್ತೋ ಬಂದ್ ಆಗಿತ್ತೋ, ಇವತ್ತಿಗೂ ನನಗ ಗೊತ್ತಿಲ್ಲ. ಏನೂ ಕೇಳಸಲಿಲ್ಲ. ಆಮ್ಯಾಲ ನೀ ಎದ್ದು ಆ ಟ್ರ್ಯಾಕ್ಟರನವಗ ಬೈಯಾಕ ಸುರು ಮಾಡಿದಿ. ಅಲ್ಲಿ ತನಕ ನಾ ಹ್ಯಾಂಗ ಕುಂತಿದ್ದೆ ಅಂತ ಯಾರಿಗೂ ಹೇಳಿಲ್ಲ."

ಕಾಕಿ ಚಹಾದ ಲೋಟ ಕೆಳಗಿಟ್ಟರು. "ಕಣ್ಣಿಗಿ ಕತ್ತಲಿ ಬಂದಿತ್ತು. ಹೇಳಿದ್ರ ಗಾಬ್ರಿ ಆಗ್ತೀರಿ ಅಂತ ಸುಮ್ಮನಿದ್ದೆ."

ಕಾಕಾ ತಕ್ಷಣ ಎದ್ದು ನಿಂತರು. ತೊಟ್ಟಿಲು ತಡವಾದರೆ ಆಗಲಿ ಎಂದು ಕಾಕಿಯನ್ನು ಮೊದಲು ಮನುಷ್ಯರ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಎಲ್ಲ ನೋಡಿ, ಏನೂ ತೊಂದರೆಯಿಲ್ಲ ಎಂದರು. ಕಾಕಾ ಅದನ್ನು ಅವರಿಂದ ಎರಡು ಸಲ ಹೇಳಿಸಿದರು.

ಜೀಪನ್ನು ಉಸ್ತಾದರ ಬಳಿ ಬಿಟ್ಟು ಮೂವರೂ ಮನ್ನಾಏಖೇಳ್ಳಿಯ ಬಸ್ಸು ಹತ್ತಿದೆವು. ಕಾಕಾ ಕಾಕಿಯನ್ನು ಕಿಟಕಿಯ ಪಕ್ಕ ಕೂರಿಸಿದರು. ಬಸ್ಸಿನ ಮೈಯೆಲ್ಲ ಗಡಗಡ ಅನ್ನುತ್ತಿತ್ತು, ಗೇರು ಬದಲಿಸಿದಾಗಲೆಲ್ಲ ಕರ್ರ್ ಎನ್ನುತ್ತಿತ್ತು. ಕಾಕಾ ಒಮ್ಮೆಯೂ ಬಗ್ಗಿ ನೋಡಲಿಲ್ಲ. ಕಾಕಿ ತಂಗಿಯ ಸೊಸೆಯ ತವರಿನವರ ಕತೆ ತೆಗೆದರು. ಯಾರು ಯಾವ ಮದುವೆಯಲ್ಲಿ ಯಾರಿಗೆ ಎಂಥ ಸೀರೆ ಕೊಟ್ಟರು, ಅದರ ಅಂಚು ಹೇಗಿತ್ತು. ಕಾಕಾ ಪ್ರತಿ ಮಾತಿಗೂ "ಹೂಂ" ಅನ್ನುತ್ತಿದ್ದರು.

ಕಾಕಿ ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಂತರು. ಕಾಕಾ ಅವರ ಕಡೆ ತಿರುಗಿ ಕೇಳಿದರು:

"ಮುಂದ?"